ಹಳೆಯ ಪಿಕಪ್‌ಗೆ ಬದಲಿ ಎಂಜಿನ್: ಆಯ್ಕೆ ಹೇಗೆ?

ತೀರ್ಥಹಳ್ಳಿ ತಾಲ್ಲೂಕಿನ ಅರಳಸುರಳಿ ಹಾಗೂ ಅದರ ಆಚೀಚಿನ ಹೊಸನಗರ, ಸಾಗರ ತಾಲ್ಲೂಕುಗಳ ಅಡಿಕೆ ಸೀಮೆಯಲ್ಲಿ ಎತ್ತಿನ ಗಾಡಿಯ ಸ್ಥಾನವನ್ನು ಪಿಕಪ್ ವಾಹನ ಆಕ್ರಮಿಸಿ ದಶಕಗಳೇ ಸಂದಿವೆ. ತೋಟಕ್ಕೆ ಗೊಬ್ಬರ, ಕೊಳೆರೋಗಕ್ಕೆ ಔಷಧಿ ಸಿಂಪಡಿಸುವ ಡ್ರಮ್ಮು, ಕೊಯ್ಲಿನ ಕಾಲದಲ್ಲಿ ಅಡಿಕೆ ಕೊನೆ, ಸುಲಿದು ಬೇಯಿಸಿ ಒಣಗಿಸಿದ ಮೇಲೆ ಮಂಡಿಗೆ ಹೋಗುವ ಚೀಲ, ಇವೆಲ್ಲವೂ ಅದರ ಬೆನ್ನ ಮೇಲೆಯೇ ಸಾಗಬೇಕು. ತೀರ್ಥಹಳ್ಳಿಯಿಂದ ಶಿವಮೊಗ್ಗಕ್ಕೆ ಸುಮಾರು 60 ಕಿಲೋಮೀಟರು. ಅದಕ್ಕೂ ಮೊದಲು ತೋಟದಿಂದ ಡಾಂಬರು ರಸ್ತೆಗೆ ಹತ್ತುವ ಮಣ್ಣಿನ ದರೆಯೇ ವಾಹನದ ನಿಜವಾದ ಪರೀಕ್ಷೆ.

ಇಂತಹ ದುಡಿಮೆಯಲ್ಲಿ ಹದಿನೈದಿಪ್ಪತ್ತು ವರ್ಷ ಕಳೆದ ವಾಹನದ ಬಾಡಿಯನ್ನು ಬೆಸುಗೆ ಹಾಕಿಸಿ ಉಳಿಸಿಕೊಳ್ಳಬಹುದು. ಎಂಜಿನ್ ಸೋತಾಗ ಮಾತ್ರ ಮಾಲೀಕನ ಮುಂದೆ ಕಠಿಣ ಪ್ರಶ್ನೆ ನಿಲ್ಲುತ್ತದೆ. ಇದ್ದ ಎಂಜಿನ್ನನ್ನೇ ಬಿಚ್ಚಿ ಕೆಲಸ ಮಾಡಿಸಬೇಕೆ, ಅದೇ ಮಾದರಿಯ ಇನ್ನೊಂದನ್ನು ತರಬೇಕೆ, ಅಥವಾ ಹೆಚ್ಚು ಶಕ್ತಿಯ ಬೇರೆ ಎಂಜಿನ್ ಕೂರಿಸಬೇಕೆ? ಮೂರನೆಯ ದಾರಿ ಗ್ಯಾರೇಜುಗಳಲ್ಲಿ ಬಹು ಆಕರ್ಷಕವಾಗಿ ಕೇಳಿಸುತ್ತದೆ. ಆದರೆ ಮಲೆನಾಡಿನ ಹಳೆಯ ಪಿಕಪ್‌ಗೆ ಬಹುಮಟ್ಟಿಗೆ ಒಪ್ಪುವುದು ಕಂಪೆನಿಯಿಂದ ಬಂದಾಗ ಇದ್ದ ಮಾದರಿಯ ಎಂಜಿನ್ನೇ. ಇದಕ್ಕೆ ಕಾರಣ ಅರ್ಧ ಯಂತ್ರದಲ್ಲಿದೆ, ಇನ್ನರ್ಧ ನೋಂದಣಿ ಪತ್ರದಲ್ಲಿದೆ.

ಎಂಜಿನ್ ನಿಜಕ್ಕೂ ಹೋಗಿದೆಯೇ?

ಬದಲಿ ಎಂಜಿನ್ ಹುಡುಕುವ ಮುನ್ನ ಈ ಪ್ರಶ್ನೆಗೆ ಉತ್ತರ ಬೇಕು. ಹೊಗೆ ಕಂಡೊಡನೆ ಎಂಜಿನ್ ಇಳಿಸುವ ತೀರ್ಮಾನಕ್ಕೆ ಬರುವವರು ಕಡಿಮೆಯೇನಿಲ್ಲ. ಕಪ್ಪು ಹೊಗೆ ಬಂದರೆ ಡೀಸೆಲ್ ಹೆಚ್ಚಾಗಿದೆ ಅಥವಾ ಗಾಳಿ ಸಾಲದಾಗಿದೆ ಎಂದರ್ಥ; ಏರ್ ಫಿಲ್ಟರ್, ನಾಝಲ್, ಡೀಸೆಲ್ ಪಂಪುಗಳನ್ನು ನೋಡಿದರೆ ಅದು ಬಗೆಹರಿಯಬಹುದು. ಮುಂಜಾನೆ ಮಾತ್ರ ಕಾಣುವ ಬಿಳಿ ಹೊಗೆ ಹೀಟರ್ ಪ್ಲಗ್ ಕೆಟ್ಟಿರುವುದರ ಸೂಚನೆಯಾಗಿರಬಹುದು. ಬಿಸಿಯಾದ ಮೇಲೂ ಬಿಳಿ ಹೊಗೆ ನಿಲ್ಲದೆ, ರೇಡಿಯೇಟರಿನ ನೀರೂ ಇಳಿಯುತ್ತಿದ್ದರೆ ಹೆಡ್ ಗ್ಯಾಸ್ಕೆಟ್ ಅಥವಾ ಹೆಡ್ ಬಿರುಕನ್ನು ಶಂಕಿಸಬೇಕು. ಚಿಂತೆ ಹುಟ್ಟಿಸಬೇಕಾದದ್ದು ನೀಲಿ ಹೊಗೆ. ಆಯಿಲ್ ಉರಿಯುತ್ತಿದೆ ಎಂಬುದರ ಗುರುತು ಅದು.

ಎಂಜಿನ್ ನಿಧಾನಗತಿಯಲ್ಲಿ ಓಡುತ್ತಿರುವಾಗ ಆಯಿಲ್ ತುಂಬುವ ಮುಚ್ಚಳ ತೆಗೆದು ನೋಡುವುದು ಹಳೆಯ ಮೆಕ್ಯಾನಿಕ್‌ಗಳ ಪರೀಕ್ಷೆ. ಅಲ್ಲಿಂದ ಹೊಗೆ ಬುಸುಗುಟ್ಟುತ್ತ ಬಂದರೆ ಅದನ್ನು ‘ಬ್ಯಾಕ್ ಕಂಪ್ರೆಷನ್’ ಎನ್ನುತ್ತಾರೆ. ಪಿಸ್ಟನ್ ರಿಂಗು, ಲೈನರುಗಳು ಸವೆದು ಉರಿದ ಅನಿಲ ಕೆಳಗೆ ನುಸುಳುತ್ತಿದೆ ಎಂಬುದು ಅದರ ಅರ್ಥ. ಆದರೂ ಕಣ್ಣಂದಾಜಿಗೆ ನಿಲ್ಲದೆ, ಮಾಪಕ ಹಾಕಿಸಿ ನಾಲ್ಕೂ ಸಿಲಿಂಡರುಗಳ ಕಂಪ್ರೆಷನ್ ಅಳೆಯಿಸುವುದು ಲೇಸು. ನಾಲ್ಕರಲ್ಲಿ ಒಂದು ಮಾತ್ರ ತಗ್ಗಿದ್ದರೆ ದೋಷ ವಾಲ್ವಿನಲ್ಲಿ ಅಥವಾ ಗ್ಯಾಸ್ಕೆಟ್ಟಿನಲ್ಲಿ ಇರುವ ಸಂಭವ ಹೆಚ್ಚು. ನಾಲ್ಕೂ ಸಮನಾಗಿ ತಗ್ಗಿದ್ದರೆ ಸವೆತ ಖಚಿತ.

ಸವೆದ ಮಾತ್ರಕ್ಕೆ ಬದಲಿ ಅನಿವಾರ್ಯವೂ ಅಲ್ಲ. ಬ್ಲಾಕ್ ಮತ್ತು ಕ್ರ್ಯಾಂಕ್ ಶಾಫ್ಟ್ ಸುಸ್ಥಿತಿಯಲ್ಲಿದ್ದರೆ ಲೈನರು, ಪಿಸ್ಟನ್, ರಿಂಗು, ಬೇರಿಂಗುಗಳನ್ನು ಹೊಸದಾಗಿ ಹಾಕಿ ಎಂಜಿನ್ನಿಗೆ ಮರುಜೀವ ಕೊಡಬಹುದು. ಕ್ರ್ಯಾಂಕನ್ನು ಒಂದು ಅಂಗುಲದ ಸಾವಿರದ ಹತ್ತು ಭಾಗದ ಲೆಕ್ಕದಲ್ಲಿ ಹಂತ ಹಂತವಾಗಿ ಅರೆದು, ಆ ಅಳತೆಯ ಬೇರಿಂಗ್ ಹಾಕುವುದು ರೂಢಿ. ಹಿಂದೆಯೇ ಕೊನೆಯ ಹಂತದವರೆಗೆ ಅರೆದ ಕ್ರ್ಯಾಂಕ್, ಕನೆಕ್ಟಿಂಗ್ ರಾಡ್ ಮುರಿದು ತೂತಾದ ಬ್ಲಾಕ್, ತುಕ್ಕಿನಿಂದ ನೀರಿನ ದಾರಿಗಳು ತಿಂದುಹೋದ ಬ್ಲಾಕ್, ಈ ಮೂರು ಸಂದರ್ಭಗಳಲ್ಲಿ ಮಾತ್ರ ಬದಲಿಯ ಮಾತು ಗಟ್ಟಿಯಾಗುತ್ತದೆ. ಕೊನೆಯ ಕಾರಣ ಮಲೆನಾಡಿಗೆ ಹೊಸತಲ್ಲ. ಕೂಲೆಂಟ್ ಬದಲು ಹಳ್ಳದ ನೀರನ್ನೇ ವರ್ಷಗಟ್ಟಲೆ ಸುರಿದ ಎಂಜಿನ್ನುಗಳ ಕಥೆ ಸಾಮಾನ್ಯವಾಗಿ ಹೀಗೆಯೇ ಮುಗಿಯುತ್ತದೆ.

ಎಂಜಿನ್ನುಗಳ ವಂಶಾವಳಿ

ಈ ಸೀಮೆಯಲ್ಲಿ ಓಡುತ್ತಿರುವ ಹಳೆಯ ವಾಹನಗಳ ಎಂಜಿನ್ನುಗಳು ಕೆಲವೇ ಕುಟುಂಬಗಳಿಗೆ ಸೇರಿದವು. ಯಾವುದು ಯಾವುದಕ್ಕೆ ಸಂಬಂಧಿ ಎಂದು ತಿಳಿದರೆ ಬಿಡಿಭಾಗದ ಅಂಗಡಿಯಲ್ಲಿ ಮೋಸ ಹೋಗುವುದು ತಪ್ಪುತ್ತದೆ.

ತೋಟಗಾರರ ಮೊದಲ ಸಂಗಾತಿ ವಿಲ್ಲಿಸ್ ಜೀಪು. ಅದರ ಪೆಟ್ರೋಲ್ ಎಂಜಿನ್ 134 ಘನ ಅಂಗುಲದ್ದು, ಅಂದರೆ ಸುಮಾರು 2.2 ಲೀಟರ್. ಪೆಟ್ರೋಲ್ ದುಬಾರಿಯಾದಾಗ ಅದನ್ನಿಳಿಸಿ ಡೀಸೆಲ್ ಎಂಜಿನ್ ಕೂರಿಸುವ ಪರಿಪಾಠ ದೇಶದಾದ್ಯಂತ ಬೆಳೆಯಿತು. ಇಂಟರ್‌ನ್ಯಾಷನಲ್ ಬಿ-275 ಟ್ರ್ಯಾಕ್ಟರಿನ ಎಂಜಿನ್, ಮ್ಯಾಟಡೋರ್ ವ್ಯಾನಿನ ಎಂಜಿನ್, ಪ್ಯೂಜೊ ಎಂಜಿನ್ ಹೀಗೆ ಸಿಕ್ಕಿದ್ದೆಲ್ಲ ಜೀಪಿನ ಬಾನೆಟ್ ಕೆಳಗೆ ಸೇರಿದವು. ‘ಯಾವ ಎಂಜಿನ್ನಾದರೂ ಕೂರಿಸಬಹುದು’ ಎಂಬ ಇಂದಿನ ನಂಬಿಕೆಯ ಬೇರು ಇರುವುದು ಆ ಕಾಲದಲ್ಲಿ.

ಮಹೀಂದ್ರ ಕಂಪೆನಿ 1979ರಲ್ಲಿ ಫ್ರಾನ್ಸಿನ ಪ್ಯೂಜೊ ಕಂಪೆನಿಯಿಂದ ಎಕ್ಸ್‌ಡಿಪಿ 4.90 ಡೀಸೆಲ್ ಎಂಜಿನ್ನಿನ ಪರವಾನಗಿ ಪಡೆಯಿತು. 2112 ಸಿಸಿಯ ಈ ಎಂಜಿನ್ ಎಂಎಂ 540 ಜೀಪಿನ ಮೂಲಕ ಊರೂರು ತಲುಪಿತು. ಬೊಲೆರೊ ಪಿಕಪ್, ಕ್ಯಾಂಪರ್‌ಗಳಲ್ಲಿ ಪ್ರಸಿದ್ಧವಾದ ಎಂಡಿಐ 3200 ಎಂಜಿನ್ನಿನ ಮೂಲ ಬೇರೆ. ಹೆಸರಿನ 3200 ಎಂಬುದನ್ನು ಎಂಜಿನ್ನಿನ ಗಾತ್ರವೆಂದು ಭಾವಿಸುವವರಿದ್ದಾರೆ. ಅದರ ಗಾತ್ರ 2523 ಸಿಸಿ. ಸಿಲಿಂಡರಿನ ಅಡ್ಡಳತೆ 88.9 ಮಿಲಿಮೀಟರ್, ಪಿಸ್ಟನ್ನಿನ ಓಟ 101.6 ಮಿಲಿಮೀಟರ್. ಇವು ಕ್ರಮವಾಗಿ ಮೂರೂವರೆ ಅಂಗುಲ ಮತ್ತು ನಾಲ್ಕು ಅಂಗುಲ. ಇಂಟರ್‌ನ್ಯಾಷನಲ್ ಹಾರ್ವೆಸ್ಟರ್ ಕಂಪೆನಿಯ ಟ್ರ್ಯಾಕ್ಟರ್ ಎಂಜಿನ್ನಿನ ರಕ್ತ ಈ ಅಂಗುಲದ ಲೆಕ್ಕದಲ್ಲೇ ಕಾಣುತ್ತದೆ. 2020ರ ಬಿಎಸ್ 6 ನಿಯಮದ ನಂತರದ ಬೊಲೆರೊ ಪಿಕಪ್‌ನಲ್ಲಿಯೂ ಗಾತ್ರ 2523 ಸಿಸಿಯೇ.

ಟಾಟಾ ವಾಹನಗಳಲ್ಲಿ ಎಂಜಿನ್ನಿನ ಹೆಸರೇ ಅಳತೆ ಹೇಳುತ್ತದೆ. 483 ಎಂದರೆ ನಾಲ್ಕು ಸಿಲಿಂಡರು, 83 ಮಿಲಿಮೀಟರ್ ಅಡ್ಡಳತೆ. ಇದು 1948 ಸಿಸಿಯದು. 1988ರಲ್ಲಿ ಬಂದ ಟಾಟಾ ಮೊಬೈಲ್, ಅನಂತರದ ಸುಮೊ ಈ ಕುಟುಂಬದವು. 497 ಎಂದರೆ 97 ಮಿಲಿಮೀಟರ್ ಅಡ್ಡಳತೆಯ 2956 ಸಿಸಿ ಎಂಜಿನ್. ಟಾಟಾ 207 ಡಿಐ ಪಿಕಪ್‌ನಲ್ಲಿದ್ದದ್ದು ಇದು. ಟೆಂಪೊ ಟ್ರ್ಯಾಕ್ಸ್‌ನ 2.4 ಲೀಟರ್ ಎಂಜಿನ್ ಮರ್ಸಿಡಿಸ್ ಬೆಂಜ್‌ನ ಒಎಂ 616ರ ಸಂತಾನ.

ಅಶ್ವಶಕ್ತಿಯೋ, ಪುಲ್ಲಿಂಗೋ?

ಎಂಜಿನ್ ಮಾರುವವರು ಮೊದಲು ಹೇಳುವ ಸಂಖ್ಯೆ ಅಶ್ವಶಕ್ತಿ. ಏರುದಾರಿಯ ಊರುಗಳಲ್ಲಿ ಅತಿ ಕಡಿಮೆ ಉಪಯೋಗಕ್ಕೆ ಬರುವ ಸಂಖ್ಯೆಯೂ ಅದೇ. ಮೇಲೆ ಹೇಳಿದ ಪ್ಯೂಜೊ ಎಂಜಿನ್ ಮತ್ತು ಎಂಡಿಐ ಎಂಜಿನ್ ಎರಡೂ ಹೆಚ್ಚುಕಡಿಮೆ 60 ಅಶ್ವಶಕ್ತಿಯ ಆಸುಪಾಸಿನವು. ಕಾಗದದ ಮೇಲೆ ಭೇದವೇ ಇಲ್ಲ. ಆದರೆ ಪ್ಯೂಜೊ ಆ ಶಕ್ತಿಯನ್ನು ನಿಮಿಷಕ್ಕೆ 4500 ಸುತ್ತಿನಲ್ಲಿ ಕೊಡುತ್ತದೆ, ಎಂಡಿಐ 3200 ಸುತ್ತಿನಲ್ಲಿ. ಟಾರ್ಕ್, ಅಂದರೆ ಚಾಲಕರು ‘ಪುಲ್ಲಿಂಗ್’ ಎನ್ನುವ ತಿರುಚುಬಲ, ಪ್ಯೂಜೊದಲ್ಲಿ ಸುಮಾರು 12 ಕಿಲೋಗ್ರಾಂ-ಮೀಟರ್ ಇದ್ದರೆ ಎಂಡಿಐನಲ್ಲಿ ಸುಮಾರು 18. ಅದೂ 1500 ಸುತ್ತಿನ ಹತ್ತಿರವೇ ಸಿಗುತ್ತದೆ. ತುಂಬಿದ ಗಾಡಿ ಮಳೆಯಲ್ಲಿ ದರೆ ಹತ್ತುವಾಗ ಬೇಕಾದದ್ದು ಇದೇ.

ಹಾಗಾದರೆ ಪ್ಯೂಜೊ ಇದ್ದ ವಾಹನಕ್ಕೆ ಎಂಡಿಐ ಕೂರಿಸಿದರೆ ಲಾಭವಲ್ಲವೇ ಎಂಬ ಪ್ರಶ್ನೆ ಸಹಜ. ಡೀಸೆಲ್ ಉಳಿತಾಯವೂ ಇದೆ. ನೇರವಾಗಿ ಪಿಸ್ಟನ್ ಮೇಲೆ ಇಂಧನ ಸಿಂಪಡಿಸುವ ಡಿಐ ಎಂಜಿನ್, ಉಪಕೋಣೆಯಲ್ಲಿ ಉರಿಸುವ ಹಳೆಯ ಮಾದರಿಗಿಂತ ಸಾಮಾನ್ಯವಾಗಿ ಶೇ 10ರಿಂದ 15ರಷ್ಟು ಕಡಿಮೆ ಡೀಸೆಲ್ ಕುಡಿಯುತ್ತದೆ. ಆದರೆ ಹಲ್ಲಿನ ಲೆಕ್ಕ ಅಡ್ಡ ಬರುತ್ತದೆ. 4500 ಸುತ್ತಿಗೆ ಹೊಂದಿಸಿದ ಡಿಫರೆನ್ಷಿಯಲ್ ಇರುವ ವಾಹನಕ್ಕೆ 3200 ಸುತ್ತಿಗೆ ನಿಲ್ಲುವ ಎಂಜಿನ್ ಹಾಕಿದರೆ, ಹಿಂದೆ 100 ಕಿಲೋಮೀಟರ್ ವೇಗ ಮುಟ್ಟುತ್ತಿದ್ದ ವಾಹನ 71ಕ್ಕೆ ನಿಲ್ಲುತ್ತದೆ. ಶಿವಮೊಗ್ಗ ರಸ್ತೆಯಲ್ಲಿ ಎಂಜಿನ್ ಸದಾ ತನ್ನ ಗರಿಷ್ಠ ಸುತ್ತಿನಲ್ಲೇ ಅರಚುತ್ತಿರುತ್ತದೆ. ಅದನ್ನು ಸರಿಪಡಿಸಲು ಡಿಫರೆನ್ಷಿಯಲ್ ಹಲ್ಲುಚಕ್ರಗಳನ್ನೂ ಬದಲಿಸಬೇಕು. ಹೆಚ್ಚಿದ ತಿರುಚುಬಲವನ್ನು ಹಳೆಯ ಕ್ಲಚ್, ಗೇರ್‌ಬಾಕ್ಸ್, ಆಕ್ಸಲ್‌ಗಳು ತಾಳಬೇಕು. ಗೇರ್‌ಬಾಕ್ಸನ್ನೂ ಬದಲಿಸಿದರೆ ಪ್ರೊಪೆಲ್ಲರ್ ಶಾಫ್ಟ್ ಕತ್ತರಿಸಿ ಕೂಡಿಸಬೇಕು. ಎಂಜಿನ್ನಿನ ಬೆಲೆಯಲ್ಲಿ ಆರಂಭವಾದ ಖರ್ಚು ಎರಡು ಪಟ್ಟು ಮುಟ್ಟುವುದು ಹೀಗೆ.

2010ರ ನಂತರದ ಕಾಮನ್ ರೈಲ್ ಎಂಜಿನ್ನುಗಳದ್ದು ಇನ್ನೊಂದು ಬಗೆಯ ತೊಡಕು. ಗಾತ್ರ ಅದೇ 2523 ಸಿಸಿ ಇದ್ದುದರಿಂದ ಹಳೆಯ ಬೊಲೆರೊ ಪಿಕಪ್‌ಗೆ ಸಲೀಸಾಗಿ ಕೂರುತ್ತದೆಂಬ ಭಾವನೆ ಬರುವುದು ಸಹಜ. ಆದರೆ ಅದು ಇಸಿಯು, ಸಂವೇದಕಗಳು, ಪೂರ್ತಿ ವೈರಿಂಗ್, ಬೇರೆ ಪಂಪು ಹಾಗೂ ಇಂಧನ ಕೊಳವೆಗಳಿಲ್ಲದೆ ಒಂದು ಸುತ್ತೂ ತಿರುಗದು. ಮಳೆಗಾಲದ ತೇವ, ಕೊಟ್ಟಿಗೆಯ ಪಕ್ಕ ನಿಂತ ವಾಹನದ ವೈರು ಕಡಿಯುವ ಇಲಿ, ಹತ್ತಿರದಲ್ಲಿ ಸ್ಕ್ಯಾನರ್ ಇಲ್ಲದ ಗ್ಯಾರೇಜು, ಇಷ್ಟನ್ನು ಎಣಿಸಿದರೆ ಹಳ್ಳಿಯ ವಾಹನಕ್ಕೆ ಯಾಂತ್ರಿಕ ಪಂಪಿನ ಹಳೆಯ ಎಂಜಿನ್ನೇ ವಾಸಿ.

ಕಾನೂನು ಹೇಳುವುದೇನು

ಮೋಟಾರು ವಾಹನ ಕಾಯ್ದೆ, 1988ರ 52ನೇ ಕಲಮು ವಾಹನದ ಮಾರ್ಪಾಡಿಗೆ ಸಂಬಂಧಿಸಿದ್ದು. 2000ನೇ ಇಸವಿಯ ತಿದ್ದುಪಡಿಯ ನಂತರ, ನೋಂದಣಿ ಪತ್ರದಲ್ಲಿರುವ ವಿವರಗಳು ತಯಾರಕರು ಮೂಲತಃ ನಮೂದಿಸಿದ ವಿವರಗಳಿಗಿಂತ ಭಿನ್ನವಾಗುವಂತೆ ವಾಹನವನ್ನು ಮಾರ್ಪಡಿಸುವಂತಿಲ್ಲ. 2019ರ ಜನವರಿಯಲ್ಲಿ ಕೇರಳದಿಂದ ಬಂದ ಮೇಲ್ಮನವಿಯೊಂದರಲ್ಲಿ ಸುಪ್ರೀಂ ಕೋರ್ಟ್ ಈ ನಿರ್ಬಂಧವನ್ನು ಎತ್ತಿಹಿಡಿಯಿತು. ಸಿಎನ್‌ಜಿ, ಎಲ್‌ಪಿಜಿ, ಬ್ಯಾಟರಿಯಂತಹ ಬೇರೆ ಇಂಧನ ಮೂಲಕ್ಕೆ ಮಾನ್ಯತೆ ಪಡೆದ ಕಿಟ್ ಅಳವಡಿಸಲು ಷರತ್ತಿನ ಅವಕಾಶವಿದೆ. ಜೀಪಿಗೆ ಟ್ರ್ಯಾಕ್ಟರ್ ಎಂಜಿನ್ ಕೂರಿಸುವ ಹಳೆಯ ಪರಿಪಾಠಕ್ಕೆ ಇದರಲ್ಲಿ ಆಸರೆಯಿಲ್ಲ.

ಅದೇ ತಯಾರಕರ, ಅದೇ ಮಾದರಿಯ ಎಂಜಿನ್ ಹಾಕಿದಾಗ ವಾಹನದ ಮೂಲ ವಿವರಗಳು ಬದಲಾಗುವುದಿಲ್ಲ. ಬದಲಾಗುವುದು ಎಂಜಿನ್ ಸಂಖ್ಯೆ. ಅದಕ್ಕೂ ನೋಂದಣಿ ಪ್ರಾಧಿಕಾರದ ಅನುಮತಿ ಬೇಕು. ಕನಿಷ್ಠ ಹತ್ತು ಸಾರಿಗೆ ವಾಹನಗಳಿರುವ ಮಾಲೀಕರಿಗೆ ಅದೇ ತಯಾರಿಕೆ ಹಾಗೂ ಮಾದರಿಯ ಎಂಜಿನ್ನನ್ನು ಪೂರ್ವಾನುಮತಿಯಿಲ್ಲದೆ ಬದಲಿಸಲು ರಾಜ್ಯ ಸರ್ಕಾರ ಅಧಿಸೂಚನೆಯ ಮೂಲಕ ಅಧಿಕಾರ ಕೊಡಬಹುದೆಂದು ಕಾಯ್ದೆ ಹೇಳುತ್ತದೆ. ಅವರು ಕೂಡ 14 ದಿನಗಳೊಳಗೆ ವರದಿ ಮಾಡಬೇಕು. ಒಂದೇ ಪಿಕಪ್ ಇರುವ ತೋಟಗಾರನಿಗೆ ಆ ಸೌಲಭ್ಯ ಅನ್ವಯಿಸದು. ಆತ ಎಂಜಿನ್ ಕೊಳ್ಳುವ ಮೊದಲೇ ತನ್ನ ವಾಹನದ ಕಚೇರಿಯಲ್ಲಿ ವಿಚಾರಿಸುವುದು ಕ್ಷೇಮ; ಕೆಎ 14 ಸಂಖ್ಯೆಯವರಿಗೆ ಶಿವಮೊಗ್ಗ, ಕೆಎ 15ರವರಿಗೆ ಸಾಗರ. ವಾಹನದ ಮೇಲೆ ಬ್ಯಾಂಕ್ ಸಾಲವಿದ್ದರೆ ಬ್ಯಾಂಕಿನ ಲಿಖಿತ ಒಪ್ಪಿಗೆಯನ್ನೂ ಪಡೆದಿರಬೇಕು.

ಅನುಮತಿಯಿಲ್ಲದ ಮಾರ್ಪಾಡಿಗೆ 2019ರ ತಿದ್ದುಪಡಿ ಕಾಯ್ದೆಯು ಆರು ತಿಂಗಳವರೆಗಿನ ಜೈಲು, ಪ್ರತಿ ಮಾರ್ಪಾಡಿಗೆ 5,000 ರೂಪಾಯಿ ದಂಡ ಅಥವಾ ಎರಡನ್ನೂ ವಿಧಿಸಿದೆ. ದಂಡಕ್ಕಿಂತ ದೊಡ್ಡ ಅಪಾಯ ವಿಮೆಯದು. ಅಪಘಾತದ ನಂತರ ಸರ್ವೇಯರ್ ತಾಳೆ ನೋಡುವ ವಿವರಗಳಲ್ಲಿ ಎಂಜಿನ್ ಸಂಖ್ಯೆ, ಚಾಸಿ ಸಂಖ್ಯೆಗಳು ಮುಖ್ಯ. ಅವು ಪತ್ರಕ್ಕೆ ಹೊಂದದಿದ್ದರೆ ಪರಿಹಾರದ ಅರ್ಜಿ ಅಲ್ಲಿಯೇ ತಕರಾರಿಗೆ ಬೀಳುತ್ತದೆ. ಹಳದಿ ಬೋರ್ಡಿನ ವಾಹನಕ್ಕೆ ಎಂಟು ವರ್ಷ ದಾಟಿದ ಮೇಲೆ ಪ್ರತಿ ವರ್ಷ ಸುಸ್ಥಿತಿ ಪ್ರಮಾಣಪತ್ರ, ಅಂದರೆ ಎಫ್‌ಸಿ ಮಾಡಿಸಬೇಕಾಗಿರುವುದರಿಂದ ಗುಟ್ಟು ಬಹುಕಾಲ ನಿಲ್ಲುವುದೂ ಇಲ್ಲ.

ಹತ್ತು ವರ್ಷ ದಾಟಿದ ಡೀಸೆಲ್ ವಾಹನಗಳನ್ನು ಓಡಿಸುವಂತಿಲ್ಲ ಎಂಬ ಮಾತು ಆಗಾಗ ಕೇಳಿಬರುತ್ತದೆ. ಅದು ದೆಹಲಿ ಹಾಗೂ ಸುತ್ತಲಿನ ರಾಜಧಾನಿ ವಲಯಕ್ಕೆ ಸಂಬಂಧಿಸಿದ ಆದೇಶಗಳ ಮಾತು; ಕರ್ನಾಟಕಕ್ಕೆ ಅನ್ವಯಿಸಿದ್ದಲ್ಲ.

ಗುಜರಿಯ ಎಂಜಿನ್

ಹಳೆಯ ಮಾದರಿಗೆ ಕಂಪೆನಿಯ ಹೊಸ ಎಂಜಿನ್ ದೊರೆಯುವುದು ವಿರಳ. ಉಳಿಯುವುದು ಎರಡು ಮಾರ್ಗ. ಒಂದು, ಹೆಡ್ ಹಾಗೂ ಹೊರಭಾಗಗಳಿಲ್ಲದ, ವ್ಯಾಪಾರಿಗಳು ‘ಹಾಫ್ ಎಂಜಿನ್’ ಎಂದು ಕರೆಯುವ ಜೋಡಣೆಯನ್ನು ತಂದು ಹಳೆಯ ಹೆಡ್, ಪಂಪುಗಳನ್ನು ಅದಕ್ಕೆ ಕೂರಿಸುವುದು. ಇನ್ನೊಂದು, ಅಪಘಾತಕ್ಕೀಡಾದ ಅಥವಾ ಗುಜರಿಗೆ ಹೋದ ವಾಹನದ ಪೂರ್ತಿ ಎಂಜಿನ್. ಶಿವಮೊಗ್ಗ, ಬೆಂಗಳೂರಿನ ಜೆ.ಸಿ. ರಸ್ತೆ, ಚೆನ್ನೈನ ಪುದುಪೇಟೆಗಳವರೆಗೂ ಇದಕ್ಕಾಗಿ ಹುಡುಕಾಟ ನಡೆಯುತ್ತದೆ. ದೂರದಲ್ಲಿ ಅಗ್ಗಕ್ಕೆ ಸಿಕ್ಕ ಎಂಜಿನ್ ಕೆಟ್ಟರೆ ಹಿಂದಿರುಗಿಸುವ ಸಾಗಣೆಯೇ ಅದರ ಬೆಲೆಯನ್ನು ನುಂಗುತ್ತದೆ ಎಂಬುದನ್ನು ಮರೆಯಬಾರದು.

ಎಂಜಿನ್ ನೋಡುವಾಗ ಮೊದಲು ನೋಡಬೇಕಾದದ್ದು ಬ್ಲಾಕಿನ ಮೇಲಿನ ಸಂಖ್ಯೆ. ಅದನ್ನು ಉಜ್ಜಿ ಮತ್ತೆ ಕೊರೆದ ಗುರುತಿದ್ದರೆ, ಬೆಲೆ ಎಷ್ಟೇ ಕಡಿಮೆಯಿರಲಿ, ಅಲ್ಲಿಂದ ಎದ್ದು ಬರಬೇಕು. ಕದ್ದ ವಾಹನಗಳ ವಿವರಕ್ಕೆ ಎಂಜಿನ್ ಸಂಖ್ಯೆಯನ್ನು ಹೋಲಿಸಿ ನೋಡುವ ‘ವಾಹನ ಸಮನ್ವಯ’ ವ್ಯವಸ್ಥೆಯನ್ನು ರಾಷ್ಟ್ರೀಯ ಅಪರಾಧ ದಾಖಲೆಗಳ ಬ್ಯೂರೊ ಸಾರ್ವಜನಿಕರಿಗೂ ತೆರೆದಿದೆ. ಮಾರಾಟಗಾರನಿಂದ ಜಿಎಸ್‌ಟಿ ಬಿಲ್ಲಿನಲ್ಲಿ ಎಂಜಿನ್ ಸಂಖ್ಯೆ ಬರೆಯಿಸಿಕೊಳ್ಳುವುದು, ಮೂಲ ವಾಹನದ ನೋಂದಣಿ ಪತ್ರ ಹಾಗೂ ನೋಂದಣಿ ರದ್ದಾದ ದಾಖಲೆಯ ಪ್ರತಿ ಕೇಳುವುದು ಅಗತ್ಯ. ಕಾಗದ ಕೊಡಲು ಹಿಂಜರಿಯುವವನ ಬಳಿ ಎಂಜಿನ್ ಕೊಂಡರೆ ನಾಳೆ ಸಾರಿಗೆ ಕಚೇರಿಯಲ್ಲಿ ಉತ್ತರ ಹೇಳಬೇಕಾದವನು ಕೊಂಡವನೇ.

ಸಾಧ್ಯವಾದರೆ ಎಂಜಿನ್ನನ್ನು ಓಡಿಸಿ ನೋಡಬೇಕು. ಆಗದಿದ್ದರೆ ಕೈಯಿಂದ ತಿರುಗಿಸಿ ನೋಡಬೇಕು, ಆಯಿಲ್ ಸಂಪ್ ಬಿಚ್ಚಿಸಿ ಲೋಹದ ಚೂರುಗಳಿವೆಯೇ ಪರಿಶೀಲಿಸಬೇಕು. ಹಾಲಿನ ಬಣ್ಣಕ್ಕೆ ತಿರುಗಿದ ಆಯಿಲ್ ಕಂಡರೆ ನೀರು ಬೆರೆತಿದೆ ಎಂದು ತಿಳಿಯಬೇಕು.

ಜೋಡಣೆಯ ವೇಳೆ

ಎಂಜಿನ್ ಕೆಳಗಿಳಿದಾಗ ಕ್ಲಚ್ ಪ್ಲೇಟು, ರಿಲೀಸ್ ಬೇರಿಂಗು, ಹಿಂಬದಿಯ ಆಯಿಲ್ ಸೀಲು, ಎಂಜಿನ್ ಮೌಂಟಿಂಗ್ ರಬ್ಬರುಗಳನ್ನು ಹೊಸದಾಗಿ ಹಾಕಿಸುವುದು ಜಾಣತನ. ಇವುಗಳಿಗಾಗಿ ಮತ್ತೆ ಎಂಜಿನ್ ಅಥವಾ ಗೇರ್‌ಬಾಕ್ಸ್ ಇಳಿಸುವ ಮಜೂರಿ ಆ ಭಾಗಗಳ ಬೆಲೆಗಿಂತ ಹೆಚ್ಚು. ರೇಡಿಯೇಟರ್ ಬಿಚ್ಚಿ ತೊಳೆಸದೆ ಹೊಸ ಎಂಜಿನ್‌ಗೆ ಜೋಡಿಸುವುದು ಹಳೆಯ ಕಾಯಿಲೆಯನ್ನು ಹೊಸ ದೇಹಕ್ಕೆ ದಾಟಿಸಿದಂತೆ.

ಎಲ್ಲಕ್ಕಿಂತ ಮಿಗಿಲಾಗಿ ಗಮನಿಸಬೇಕಾದದ್ದು ಬ್ರೇಕು. ಪೆಟ್ರೋಲ್ ಎಂಜಿನ್ನಿನಂತೆ ಡೀಸೆಲ್ ಎಂಜಿನ್ನಿನ ಗಾಳಿ ದಾರಿಯಲ್ಲಿ ಬ್ರೇಕ್ ಬೂಸ್ಟರಿಗೆ ಸಾಕಾಗುವ ನಿರ್ವಾತ ಹುಟ್ಟುವುದಿಲ್ಲ. ಹೀಗಾಗಿ ಬೂಸ್ಟರ್ ಇರುವ ವಾಹನಗಳಲ್ಲಿ ಎಂಜಿನ್ನಿನಿಂದ ತಿರುಗುವ, ಹಲವು ಮಾದರಿಗಳಲ್ಲಿ ಆಲ್ಟರ್ನೇಟರಿನ ಬೆನ್ನಿಗೇ ಇರುವ ವ್ಯಾಕ್ಯೂಮ್ ಪಂಪು ಆ ಕೆಲಸ ಮಾಡುತ್ತದೆ. ಬದಲಿ ಎಂಜಿನ್ನಿನೊಂದಿಗೆ ಪಂಪಿಲ್ಲದ ಆಲ್ಟರ್ನೇಟರ್ ಬಂದರೆ ಅಥವಾ ಅದರ ಆಯಿಲ್ ಕೊಳವೆ ಜೋಡಿಸುವುದು ಮರೆತರೆ, ಗ್ಯಾರೇಜಿನ ಮುಂದಿನ ಸಮತಟ್ಟಿನಲ್ಲಿ ಅದು ಯಾರ ಅರಿವಿಗೂ ಬಾರದಿರಬಹುದು. ಪೆಡಲ್ ಕಲ್ಲಿನಂತಾದದ್ದು ತಿಳಿಯುವುದು ಹುಲಿಕಲ್ ಘಾಟಿಯ ಇಳಿಜಾರಿನಲ್ಲಿ. ಎಂಜಿನ್ ಓಡುತ್ತಿರುವಾಗ ಹತ್ತಾರು ಬಾರಿ ಬ್ರೇಕ್ ಒತ್ತಿ ಪೆಡಲ್ ಗಟ್ಟಿಯಾಗುತ್ತದೆಯೇ ಎಂದು ನೋಡದೆ ವಾಹನವನ್ನು ಹೊರಗೆ ತೆಗೆಯಬಾರದು.

ಕೆಲಸಕ್ಕೆ ಕಾಲವೂ ಮುಖ್ಯ. ಕೊಯ್ಲು ಶುರುವಾದ ಮೇಲೆ ವಾಹನ ಎರಡು ವಾರ ಗ್ಯಾರೇಜಿನಲ್ಲಿ ನಿಂತರೆ ಬಾಡಿಗೆ ಗಾಡಿಯ ಖರ್ಚು ಬೀಳುತ್ತದೆ. ಅವಸರದಲ್ಲಿ ಲೇತ್ ಕೆಲಸವೂ ಕೆಡುತ್ತದೆ. ಆಷಾಢ, ಶ್ರಾವಣದ ಮಳೆಯಲ್ಲಿ ಹೊರೆ ಕಡಿಮೆಯಿರುವಾಗ ಎಂಜಿನ್ ಇಳಿಸಿ, ನವರಾತ್ರಿಯ ಹೊತ್ತಿಗೆ ಕಾಗದಪತ್ರ ಸಹಿತ ಮುಗಿಸುವುದು ಈ ಸೀಮೆಗೆ ಹೊಂದುವ ಲೆಕ್ಕ. ಹೊಸ ರಿಂಗು, ಲೈನರು ಬಿದ್ದ ಎಂಜಿನ್ನಿಗೆ ಮೊದಲ ಸಾವಿರ ಕಿಲೋಮೀಟರು ಪೂರ್ಣ ಹೊರೆ ಹೇರಬಾರದು, ಒಂದೇ ಸುತ್ತಿನಲ್ಲಿ ಗಂಟೆಗಟ್ಟಲೆ ಓಡಿಸಲೂಬಾರದು. ಅಷ್ಟು ಓಡಿದ ಮೇಲೆ ಆಯಿಲ್ ಮತ್ತು ಫಿಲ್ಟರ್ ಬದಲಿಸಿ, ತಯಾರಕರ ಕೈಪಿಡಿಯಲ್ಲಿ ಹೇಳಿದ್ದರೆ ಹೆಡ್ ಬೋಲ್ಟುಗಳನ್ನು ಟಾರ್ಕ್ ಸ್ಪ್ಯಾನರಿನಲ್ಲಿ ಮತ್ತೊಮ್ಮೆ ಬಿಗಿ ಮಾಡಿಸಿ, ಅನಂತರವೇ ಅಡಿಕೆ ಚೀಲ ಹೇರಬೇಕು.